ಲಾಕ್ ಡರ್ಗ್‌ನಲ್ಲಿ ಮೂರು ದಿನ, ಬರಿಗಾಲಲ್ಲಿ

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಐರ್ಲೆಂಡಿನಲ್ಲಿ ಲಾಕ್ ಡರ್ಗ್ ಹೆಸರಿನ ಸರೋವರ ಎರಡಿವೆ. ಒಂದು ಶಾನನ್ ನದಿಯ ದಾರಿಯಲ್ಲಿದೆ, ದೊಡ್ಡದು, ಜನ ದೋಣಿ ವಿಹಾರಕ್ಕೆ ಹೋಗುತ್ತಾರೆ. ಇನ್ನೊಂದು ಉತ್ತರಕ್ಕೆ, ಡೊನೆಗಾಲ್ ಕೌಂಟಿಯಲ್ಲಿ, ಪೆಟಿಗೋ ಎನ್ನುವ ಹಳ್ಳಿಯ ಹತ್ತಿರ. ಕಥೊಲಿಕರ ಉಪವಾಸ, ಜಾಗರಣೆಯ ಯಾತ್ರೆ ನಡೆಯುವುದು ಈ ಎರಡನೆಯದರಲ್ಲಿ. ನಮ್ಮ ವಾರ್ಡಿನ ಮಲಯಾಳಿ ಚೇಚಿ ಫೋನಿನಲ್ಲಿ ಬರೀ "ಲಾಕ್ ಡರ್ಗ್" ಅಂತ ಹಾಕಿದ್ದರು. ಅದು ನಮ್ಮನ್ನು ಟಿಪ್ಪರರಿ ಕಡೆ ಕಳಿಸಲು ತಯಾರಾಗಿತ್ತು! ನೀವು ಪೆಟಿಗೋ ಅಂತ ಹಾಕಿ. ಅಲ್ಲಿಂದ ಏಳೆಂಟು ಕಿ.ಮೀ. ಹೋದರೆ ರಸ್ತೆ ಸರೋವರದ ದಂಡೆಗೆ ಬಂದು ಮುಗಿಯುತ್ತದೆ. ಮುಂದೆ ನೀರು, ನಡುವೆ ಕಟ್ಟಡಗಳಿಂದ ಕಿಕ್ಕಿರಿದ ಒಂದು ಪುಟ್ಟ ದ್ವೀಪ.

ನಾನು ಡಬ್ಲಿನ್‌ನಲ್ಲಿ ನರ್ಸ್. ಮೈಸೂರು ಕಡೆಯವಳು. ಚಿಕ್ಕವಳಿದ್ದಾಗ ಜೂನ್ ತಿಂಗಳು ಅಂದರೆ ಡೋರನಹಳ್ಳಿಯ ಸಂತ ಅಂತೋಣಿ ಜಾತ್ರೆ. ತಳ್ಳುವ ಜನ, ಮೇಣದಬತ್ತಿ, ಹರಕೆ, ಆಮೇಲೆ ಮರದ ಕೆಳಗೆ ಬುತ್ತಿ ಬಿಚ್ಚಿ ಊಟ. ಯಾತ್ರೆ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ಇಲ್ಲಿ ಜಾತ್ರೆಯೂ ಇಲ್ಲ, ಬುತ್ತಿಯೂ ಇಲ್ಲ. ಬುತ್ತಿ ತಂದರೂ ಬಿಚ್ಚುವ ಹಾಗಿಲ್ಲ.

ದಾರಿಯ ವಿಷಯ ಸರಿಯಾಗಿ ಓದಿಕೊಳ್ಳಿ, ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇದು ಮುಖ್ಯ. ಡಬ್ಲಿನ್‌ನಿಂದ ಡೊನೆಗಾಲ್‌ಗೆ ಹೋಗುವ 30ನೇ ನಂಬರಿನ ಬಸ್ಸು ಕಾವನ್ ದಾಟಿ ಎನ್ನಿಸ್ಕಿಲನ್ ಮೂಲಕ ಹೋಗುತ್ತದೆ. ಎನ್ನಿಸ್ಕಿಲನ್ ಇರುವುದು ಉತ್ತರ ಐರ್ಲೆಂಡಿನಲ್ಲಿ, ಅಂದರೆ ಬ್ರಿಟನ್ನಿನ ಕೈಕೆಳಗೆ. ಗಡಿಯಲ್ಲಿ ಗೇಟಿಲ್ಲ, ಬೋರ್ಡೂ ಇಲ್ಲ. ರಸ್ತೆ ಪಕ್ಕದಲ್ಲಿ ವೇಗದ ಮಿತಿ ಕಿಲೋಮೀಟರಿನಿಂದ ಮೈಲಿಗೆ ಬದಲಾದಾಗಲೇ ಗೊತ್ತಾಗುವುದು. ಆದರೆ ಕಾನೂನು ಕಾನೂನೇ. ನಮ್ಮ ಹಾಗೆ ಐರ್ಲೆಂಡಿನ ಕೆಲಸದ ಪರ್ಮಿಟ್ ಮೇಲೆ ಇರುವವರಿಗೆ ಆ ಕಡೆ ಕಾಲಿಡಲು ಬೇರೆ ಬ್ರಿಟಿಷ್ ವೀಸಾ ಬೇಕು. ಟಿಕೆಟ್ ಕೇಳಲು ಹೋದ ಕಡೆ "ಏನೂ ಆಗಲ್ಲ, ಸುಮ್ನೆ ಹೋಗಿ" ಅಂದರು. ಅವರ ಮಾತು ಕೇಳಬೇಡಿ. ಗಡಿ ದಾಟುವ ಬಸ್ಸುಗಳಲ್ಲಿ ಆಗಾಗ ಪೊಲೀಸರು ಹತ್ತಿ ಕಾಗದ ನೋಡುತ್ತಾರೆ. ಊರಿಂದ ಪ್ರವಾಸಕ್ಕೆ ಬರುವ ಅಪ್ಪ ಅಮ್ಮಂದಿರ ಕಥೆ ಬೇರೆ. ಅವರ ವೀಸಾ ಹಾಳೆಯ ಮೇಲೆ "ಬಿಐವಿಎಸ್" (BIVS, ಬ್ರಿಟಿಷ್-ಐರಿಶ್ ವೀಸಾ ಯೋಜನೆ) ಅಂತ ಅಕ್ಷರ ಇದ್ದರೆ ಎರಡೂ ಕಡೆ ನಡೆಯುತ್ತದೆ. ಇದೆಯೋ ಇಲ್ಲವೋ ಮನೆಯಲ್ಲೇ ನೋಡಿಕೊಂಡು ಹೊರಡಿ.

ನಾವು ಕಾರಿನಲ್ಲಿ ಸ್ಲೈಗೋ ಮೂಲಕ ಸುತ್ತಿ ಹೋದೆವು. ಅಲ್ಲಿಂದ ಬಂಡೋರನ್, ಬ್ಯಾಲಿಶಾನನ್ ದಾಟಿ, ಡೊನೆಗಾಲ್ ಊರಿಗಿಂತ ಸ್ವಲ್ಪ ಮುಂಚೆ ಲಾಘಿ ಎನ್ನುವಲ್ಲಿ ಬಲಕ್ಕೆ ತಿರುಗಿದರೆ ಪೆಟಿಗೋ ರಸ್ತೆ. ಡಬ್ಲಿನ್‌ನಿಂದ ನಾಲ್ಕೂವರೆ ಗಂಟೆ ಹಿಡಿಯಿತು. ಒಂದು ಗಂಟೆಗೂ ಜಾಸ್ತಿ ಸುತ್ತು, ಆದರೆ ಪೂರಾ ಐರ್ಲೆಂಡ್ ಗಣರಾಜ್ಯದೊಳಗೇ. ಕಾರಿಲ್ಲದವರು ಸ್ಲೈಗೋವರೆಗೆ ರೈಲು, ಅಲ್ಲಿಂದ ಡೊನೆಗಾಲ್ ಊರಿಗೆ ಬಸ್ಸು, ಆಮೇಲೆ ಟ್ಯಾಕ್ಸಿ. ಪೆಟಿಗೋದಲ್ಲಿ ಮಾತ್ರ ಹುಷಾರು. ಊರಿನ ನಡುವೆ ಟರ್ಮನ್ ಅಂತ ಒಂದು ಚಿಕ್ಕ ಹೊಳೆ, ಹೊಳೆಯೇ ಗಡಿ. ಸೇತುವೆ ದಾಟಿದರೆ ಇನ್ನೊಂದು ದೇಶ. ಫೋಟೋ ತೆಗೆಯಲು ಹೋಗಿ ಚೇಚಿ ಅರ್ಧ ಸೇತುವೆವರೆಗೆ ನಡೆದಿದ್ದರು, ನಾನೇ ಕೂಗಿ ಕರೆದೆ.

ತಮಾಷೆ ಏನಂದರೆ ಚರ್ಚಿಗೆ ಈ ಗಡಿ ಲೆಕ್ಕಕ್ಕೇ ಇಲ್ಲ. ದ್ವೀಪ ಸೇರಿರುವುದು ಕ್ಲೋಗರ್ ಧರ್ಮಪ್ರಾಂತ್ಯಕ್ಕೆ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಸೀಮೆಗೆ. ಅದರ ಪ್ರಧಾನಾಲಯ ಮೊನಹನ್‌ನಲ್ಲಿದೆ, ಗಣರಾಜ್ಯದ ಕಡೆ. ಧರ್ಮಕೇಂದ್ರಗಳು ಎರಡೂ ಕಡೆ ಹರಡಿವೆ. ಇಲ್ಲಿನ ಧರ್ಮಪ್ರಾಂತ್ಯಗಳ ಎಲ್ಲೆ ಬಹುತೇಕ 12ನೇ ಶತಮಾನದಲ್ಲೇ ಗುರುತಾದದ್ದು. ದೇಶ ಎರಡಾಗಿದ್ದು 1921ರಲ್ಲಿ. ಹಾಗಾಗಿ ಒಬ್ಬರೇ ಧರ್ಮಾಧ್ಯಕ್ಷರು, ಎರಡು ಸರ್ಕಾರ, ಎರಡು ನಾಣ್ಯ. ಉತ್ತರ ಐರ್ಲೆಂಡ್ ಯಾರಿಗೆ ಸೇರಬೇಕು ಅಂತ ಹೊಡೆದಾಟ ನಡೆದ ಗಲಾಟೆಯ ವರ್ಷಗಳಲ್ಲಿ ಇದು ಎಷ್ಟು ಕಷ್ಟ ಇದ್ದಿರಬೇಕು ಅಂತ ಯೋಚಿಸಿದರೇ ಸುಸ್ತಾಗುತ್ತದೆ.

ಮೂರು ದಿನದ ಯಾತ್ರೆ ನಡೆಯುವುದು ಜೂನ್ ಹೊತ್ತಿಗೆ ಶುರುವಾಗಿ ಆಗಸ್ಟ್ 15ರವರೆಗೆ. ಕೊನೆಯ ತಂಡ ಆಗಸ್ಟ್ 13ಕ್ಕೆ ಒಳಗೆ ಹೋಗುತ್ತದೆ. ಮುಂಚೆಯೇ ಬುಕ್ ಮಾಡಿ. ವಯಸ್ಸು 15 ತುಂಬಿರಬೇಕು, ಯಾರ ಸಹಾಯವೂ ಇಲ್ಲದೆ ನಡೆಯಲು, ಮಂಡಿಯೂರಲು ಆಗಬೇಕು. ಹೋಗುವ ಹಿಂದಿನ ರಾತ್ರಿ ಹನ್ನೆರಡರಿಂದಲೇ ಉಪವಾಸ. ನೀರು ಕುಡಿಯಬಹುದು, ಡಾಕ್ಟರು ಬರೆದ ಮಾತ್ರೆ ತೆಗೆದುಕೊಳ್ಳಬಹುದು. ನರ್ಸಾಗಿ ಒಂದು ಮಾತು: ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಹೊರಡಬೇಡಿ. ಭಕ್ತಿ ಶುಗರ್ ಇಳಿಯುವುದನ್ನು ತಡೆಯುವುದಿಲ್ಲ. ಇಷ್ಟೆಲ್ಲ ಆಗಲ್ಲ ಅನ್ನುವವರಿಗೆ ಒಂದು ದಿನದ ಧ್ಯಾನಕೂಟಗಳೂ ಇವೆ. ಅದರಲ್ಲಿ ಉಪವಾಸವಿಲ್ಲ, ಚಪ್ಪಲಿ ಬಿಡಬೇಕಿಲ್ಲ.

ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರೊಳಗೆ ದಂಡೆಯಲ್ಲಿರಬೇಕು. ದೋಣಿಯಲ್ಲಿ ಕೆಲವೇ ನಿಮಿಷ. ಇಳಿದ ಕೂಡಲೇ ಹಾಸಿಗೆ ತೋರಿಸುತ್ತಾರೆ, ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ. ಹಾಸಿಗೆ ನೋಡಿ ಖುಷಿಪಡಬೇಡಿ, ಅದರ ಮೇಲೆ ಮಲಗುವುದು ಮಾರನೇ ರಾತ್ರಿ. ಶೂ, ಸಾಕ್ಸು ಅಲ್ಲೇ ಬಿಚ್ಚಿಡಬೇಕು. ಮತ್ತೆ ಹಾಕುವುದು ಮೂರನೇ ದಿನ ಹೊರಡುವಾಗ. ಫೋನಂತೂ ತರುವ ಹಾಗೇ ಇಲ್ಲ, ಕಾರಲ್ಲೇ ಬಿಡಿ.

ಇಲ್ಲಿ "ಸ್ಟೇಷನ್" ಅಂದರೆ ರೈಲಿನದೂ ಅಲ್ಲ, ಪೊಲೀಸಿನದೂ ಅಲ್ಲ. ಒಂದು ಪೂರ್ತಿ ಸುತ್ತು ಪ್ರಾರ್ಥನೆ. ಮೂರು ದಿನದಲ್ಲಿ ಇಂಥವು ಒಂಬತ್ತು. ಸಂತ ಪ್ಯಾಟ್ರಿಕ್ ಶಿಲುಬೆಯ ಹತ್ತಿರ ಮಂಡಿಯೂರುವುದು. ಸಂತ ಬ್ರಿಜಿಡ್ ಶಿಲುಬೆಗೆ ಬೆನ್ನು ಕೊಟ್ಟು ನಿಂತು, ಎರಡೂ ಕೈ ಚಾಚಿ, ಲೋಕವನ್ನೂ ಶರೀರದಾಸೆಯನ್ನೂ ಪಿಶಾಚಿಯನ್ನೂ ತೊರೆಯುತ್ತೇನೆ ಅಂತ ಮೂರು ಸಲ ಹೇಳುವುದು. ಜಪಸರ ಹೇಳುತ್ತಾ ಬಸಿಲಿಕದ, ಅಂದರೆ ದ್ವೀಪದ ದೊಡ್ಡ ಚರ್ಚಿನ, ಸುತ್ತ ನಾಲ್ಕು ಸುತ್ತು. ಆಮೇಲೆ "ಹಾಸಿಗೆ"ಗಳು. ಹೆಸರಿಗೆ ಹಾಸಿಗೆ! ಹಳೇ ಕಾಲದ ಸನ್ಯಾಸಿಗಳ ಕಲ್ಲುಗುಡಿಸಲುಗಳ ಅಡಿಪಾಯ ಅವು. ಮೊಣಕಾಲೆತ್ತರದ ಕಲ್ಲಿನ ಉಂಗುರ, ಒಳಗೆ ನೆಲವೆಲ್ಲ ಓರೆಕೋರೆ ಬಂಡೆ, ನಡುವೆ ಒಂದು ಶಿಲುಬೆ. ಬ್ರಿಜಿಡ್, ಬ್ರೆಂಡನ್, ಕ್ಯಾಥರೀನ್, ಕೊಲಂಬ ಹೀಗೆ ಒಬ್ಬೊಬ್ಬ ಸಂತರ ಹೆಸರಲ್ಲಿ ಒಂದೊಂದು. ಪ್ರತಿಯೊಂದಕ್ಕೂ ಹೊರಗೆ ಸುತ್ತು, ಬಾಗಿಲಲ್ಲಿ ಮಂಡಿ, ಒಳಗೆ ಸುತ್ತು, ಶಿಲುಬೆ ಹತ್ತಿರ ಮತ್ತೆ ಮಂಡಿ. ಪ್ರತಿ ಸಲವೂ ಮೂರು ಪರಲೋಕ ಮಂತ್ರ, ಮೂರು ನಮೋ ಮರಿಯಾ, ಒಂದು ವಿಶ್ವಾಸ ಸಂಗ್ರಹ. ಆಮೇಲೆ ನೀರಿನಂಚಿಗೆ ಹೋಗಿ ನಿಂತು, ಮಂಡಿಯೂರಿ ಪ್ರಾರ್ಥನೆ.

ನನಗೆ ಒಂದು ಸ್ಟೇಷನ್‌ಗೆ ಗಂಟೆಯ ಮೇಲೆ ಹಿಡಿಯಿತು. ಮೊದಲ ದಿನ ಇಂಥ ಮೂರು ಮಾಡಬೇಕು. ಎರಡನೆಯದರಲ್ಲಿ ಬ್ರೆಂಡನ್ ಹಾಸಿಗೆ ಹತ್ತುವಾಗ ಒದ್ದೆ ಕಲ್ಲಿಗೆ ಹೆಬ್ಬೆರಳು ಬಡಿಯಿತು, ಉಗುರು ನೀಲಿ. ಒಂದು ಉಪಾಯ ಹೇಳುತ್ತೇನೆ. ಕಲ್ಲಿನ ಚೂಪು ಅಂಚು ಬಿಟ್ಟು, ನೂರಾರು ವರ್ಷ ಜನ ಮಂಡಿಯೂರಿ ನುಣ್ಣಗಾದ ಜಾಗ ಹುಡುಕಿ, ಪಾದ ಅಲ್ಲಿಡಿ. ಒಂದೆರಡು ಸುತ್ತಾದ ಮೇಲೆ ಕಾಲಿಗೇ ಗೊತ್ತಾಗುತ್ತದೆ. ನಾನು ಕನ್ನಡದಲ್ಲೇ ಹೇಳಿಕೊಂಡೆ, ಚೇಚಿ ಮಲಯಾಳದಲ್ಲಿ. ಎದುರಿಗೆ ಸಿಕ್ಕ ಮುದುಕರೊಬ್ಬರು ಐರಿಶ್ ಭಾಷೆಯಲ್ಲಿ ಗೊಣಗುತ್ತಿದ್ದರು. ಯಾರೂ ಯಾರನ್ನೂ ತಿರುಗಿ ನೋಡಲಿಲ್ಲ.

ಊಟ ದಿನಕ್ಕೊಂದೇ. ಒಣ ಟೋಸ್ಟು, ಓಟ್ಸಿನ ಗಟ್ಟಿ ಬಿಸ್ಕತ್ತು, ಹಾಲಿಲ್ಲದ ಟೀ ಅಥವಾ ಕಾಫಿ. ಬೆಣ್ಣೆ ಇಲ್ಲ. ಅದನ್ನೇ ಎಷ್ಟು ಬೇಕಾದರೂ ತಿನ್ನಬಹುದು, ನಾನು ಏಳು ಟೋಸ್ಟು ತಿಂದೆ. ರಾತ್ರಿ "ಲಾಕ್ ಡರ್ಗ್ ಸೂಪು" ಅಂತ ಕೊಡುತ್ತಾರೆ: ಬಿಸಿನೀರಿಗೆ ಉಪ್ಪು, ಮೆಣಸಿನ ಪುಡಿ. ನಗಬೇಡಿ, ಮೆಣಸಿನ ಸಾರು ಕುಡಿದು ಬೆಳೆದವರಿಗೆ ಅದು ಅಮೃತವೇ.

ಇನ್ನು ರಾತ್ರಿ. ಮೊದಲ ದಿನ ಹತ್ತು ಗಂಟೆಗೆ ಜಾಗರಣೆ ಶುರು, ಮಾರನೇ ದಿನ ರಾತ್ರಿ ಹತ್ತರವರೆಗೆ ಕಣ್ಣು ಮುಚ್ಚುವ ಹಾಗಿಲ್ಲ. ಹತ್ತು ವರ್ಷ ನೈಟ್ ಡ್ಯೂಟಿ ಮಾಡಿದವಳಿಗೆ ಇದು ಯಾವ ಮಹಾ ಅಂದುಕೊಂಡಿದ್ದೆ. ಸೊಕ್ಕು ಇಳಿಯಿತು. ವಾರ್ಡಿನಲ್ಲಿ ನಮ್ಮನ್ನು ಎಚ್ಚರ ಇಡುವುದು ಕೆಲಸ. ಬೆಲ್ ಹೊಡೆಯುತ್ತದೆ, ಡ್ರಿಪ್ ಮುಗಿಯುತ್ತದೆ, ಯಾರೋ ನೀರು ಕೇಳುತ್ತಾರೆ. ಇಲ್ಲಿ ಯಾರಿಗೂ ನಾನು ಬೇಕಾಗಿರಲಿಲ್ಲ. ಬಸಿಲಿಕದೊಳಗೆ ಒಬ್ಬರು ಮುಂದೆ ಹೇಳಿಕೊಡುತ್ತಾರೆ, ಉಳಿದವರು ದನಿಗೂಡಿಸಿ ನಾಲ್ಕು ಸ್ಟೇಷನ್ ಮುಗಿಸಬೇಕು. ಮೂರೂವರೆ ಹೊತ್ತಿಗೆ ನನ್ನ ಬಾಯಿ ಮಂತ್ರ ಹೇಳುತ್ತಿತ್ತು, ತಲೆ ಎಲ್ಲೋ ಇತ್ತು. ನಿಂತಲ್ಲೇ ವಾಲಿದೆ. ಪಕ್ಕದ ಹೆಂಗಸು ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಹೋದರು. ಇಲ್ಲಿ ಅದು ರೂಢಿ, ಪಕ್ಕದವರು ನಿದ್ದೆ ಮಾಡದಂತೆ ನೋಡಿಕೊಳ್ಳುವುದೂ ನಿಮ್ಮದೇ ಕೆಲಸ.

ಆ ಹೆಂಗಸು ಮೊನಹನ್ ಕಡೆಯವರು, ನಿವೃತ್ತ ಟೀಚರ್. ಇದು ಅವರಿಗೆ ಎಷ್ಟನೇ ಸಲ ಅಂತ ಎಣಿಸುವುದನ್ನೇ ಬಿಟ್ಟಿದ್ದಾರಂತೆ. ಸಂತ ವಿನ್ಸೆಂಟ್ ದ ಪಾಲ್ ಸಂಘದಲ್ಲಿ ಕೆಲಸ ಮಾಡುತ್ತಾರೆ. ನಮ್ಮೂರ ಚರ್ಚುಗಳಲ್ಲೂ ಈ ಸಂಘ ಇದೆ, ಆದರೆ ಐರ್ಲೆಂಡಿನಲ್ಲಿ ಅದರ ಬೇರು ಆಳ, 1844ರಿಂದ ಇದೆ. ಇಬ್ಬಿಬ್ಬರಾಗಿ ಮನೆಗಳಿಗೆ ಹೋಗುತ್ತಾರೆ, ಯಾರ ಮನೆಗೆ ಹೋದೆವು ಅಂತ ಹೊರಗೆ ಬಾಯಿ ಬಿಡುವುದಿಲ್ಲ. ಚಳಿಗಾಲದಲ್ಲಿ ಹೀಟರಿನ ಎಣ್ಣೆ, ಕರೆಂಟ್ ಬಿಲ್ಲು. ಆಗಸ್ಟ್ ಬಂದರೆ ಮಕ್ಕಳ ಯೂನಿಫಾರ್ಮು. "ಬಾಗಿಲು ತಟ್ಟೋದು ನಮಗೆ ಕಷ್ಟ ಅಲ್ಲ, ತೆಗೆಯೋದು ಅವರಿಗೆ ಕಷ್ಟ" ಅಂದರು. ನಾನು ಪೂಜೆಗೆ ಹೋಗಿ ಡಬ್ಬಿಗೆ ಎರಡು ಯೂರೋ ಹಾಕಿ ಬರುವವಳು. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಬರಿಗಾಲಲ್ಲಿ, ಬೆಳಗಿನ ಜಾವ ನಾಲ್ಕಕ್ಕೆ ಗೊತ್ತಾಯಿತು.

ಬೆಳಕು ಹರಿದ ಮೇಲೆ ಅವರೇ ಒಂದು ಕಲ್ಲು ತೋರಿಸಿದರು. ವಿಕ್ಲೋ ಗ್ರಾನೈಟಿನದು. 2012ರಲ್ಲಿ ಡಬ್ಲಿನ್‌ನಲ್ಲಿ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನ ನಡೆದಾಗ, ಪಾದ್ರಿಗಳಿಂದ ಮತ್ತು ಚರ್ಚಿನ ಸಂಸ್ಥೆಗಳಲ್ಲಿ ದೌರ್ಜನ್ಯಕ್ಕೆ ಒಳಗಾದ ಮಕ್ಕಳಿಗಾಗಿ ಇಟ್ಟ ಕಲ್ಲು. ಮೇಲೆ ಕೆತ್ತಿರುವ ಪ್ರಾರ್ಥನೆ ಬರೆದವರು ಅಂಥ ನೋವು ಉಂಡವರೇ. ಅದೇ ವಾರ ಪೋಪರ ಪ್ರತಿನಿಧಿಯಾಗಿ ಬಂದಿದ್ದ ಕಾರ್ಡಿನಲ್ ವೆಲೆ ಈ ದ್ವೀಪಕ್ಕೆ ಬಂದು ಬದುಕುಳಿದ ಕೆಲವರನ್ನು ಕಂಡಿದ್ದರು. 2009ರಲ್ಲಿ ಈ ದೌರ್ಜನ್ಯಗಳ ತನಿಖೆಯ ರಯನ್ ವರದಿ, ಮರ್ಫಿ ವರದಿ ಹೊರಬಿದ್ದ ಮೇಲೆ ಎಷ್ಟೋ ಜನ ಚರ್ಚಿನಿಂದ ದೂರವಾದರು. 2016ರಲ್ಲಿ ಗಣರಾಜ್ಯದ ನೂರರಲ್ಲಿ 79 ಜನ ಕಥೊಲಿಕರು ಅಂತ ಬರೆಸಿದ್ದರು, 2022ರ ಜನಗಣತಿಯಲ್ಲಿ 69. ನಮ್ಮ ವಾರ್ಡಿನ ಹುಡುಗಿಯರು ಚರ್ಚಿನ ಸುದ್ದಿ ಎತ್ತಿದರೆ ಕಣ್ಣು ಹೊರಳಿಸುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಈ ಕಲ್ಲನ್ನು ಮೂಲೆಯಲ್ಲಿ ಬಚ್ಚಿಡದೆ ಯಾತ್ರಿಗಳು ಓಡಾಡುವ ಜಾಗದಲ್ಲೇ ಇಟ್ಟಿದ್ದಾರಲ್ಲ, ಅದು ನನಗೆ ಹಿಡಿಸಿತು. ಟೀಚರ್ ಏನೂ ಹೇಳಲಿಲ್ಲ. ಕಲ್ಲಿನ ಮೇಲೆ ಕೂತಿದ್ದ ಇಬ್ಬನಿಯನ್ನು ಅಂಗೈಯಿಂದ ಒರೆಸಿದರು, ಅಷ್ಟೇ.

ಎರಡನೇ ದಿನ ಬೆಳಿಗ್ಗೆ ಪೂಜೆ, ಪಾಪನಿವೇದನೆ, ಹೊರಗೆ ಒಂದು ಸ್ಟೇಷನ್, ಮಧ್ಯಾಹ್ನ ಮೂರಕ್ಕೆ ಶಿಲುಬೆ ಹಾದಿ, ಅಂದರೆ ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ನೆನೆಯುವ ಪ್ರಾರ್ಥನೆ. ನಡುವೆ ಸಮಯ ಕಳೆಯುವುದೇ ದೊಡ್ಡ ಕಷ್ಟ, ಬಿಸಿಲು ಬಂದರಂತೂ ಕೂತಲ್ಲೇ ತೂಕಡಿಕೆ. ನಡೆಯುತ್ತಿರಿ. ಇಲ್ಲವಾದರೆ ಬಸಿಲಿಕದೊಳಗೆ ಹ್ಯಾರಿ ಕ್ಲಾರ್ಕ್ ಮಾಡಿದ ಬಣ್ಣದ ಗಾಜಿನ ಕಿಟಕಿ ನೋಡಿ. ಯೇಸುವಿನ ಶಿಷ್ಯರಾದ ಪ್ರೇಷಿತರು ಒಬ್ಬೊಬ್ಬರೂ ಶಿಲುಬೆ ಹಾದಿಯ ಒಂದೊಂದು ದೃಶ್ಯವನ್ನು ಕೈಯಲ್ಲಿ ಹಿಡಿದು ನಿಂತಿದ್ದಾರೆ. ರಾತ್ರಿಯೆಲ್ಲ ಕಪ್ಪಗಿದ್ದ ಕಿಟಕಿ ಬೆಳಗ್ಗೆ ಒಮ್ಮೆಲೇ ನೀಲಿಯಾದಾಗ ನನ್ನ ಅರ್ಧ ನಿದ್ದೆ ಹಾರಿತ್ತು.

ತರಬೇಕಾದ್ದು: ನಿಜವಾಗಿ ನೀರು ತಡೆಯುವ ಜಾಕೆಟ್ಟು ಮತ್ತು ಪ್ಯಾಂಟು, ಒಂದರ ಮೇಲೊಂದು ಹಾಕಲು ಬೆಚ್ಚನೆ ಬಟ್ಟೆ, ಟೋಪಿ. ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡ ನನ್ನ ಜಾಕೆಟ್ಟು ಮೊದಲ ಮಳೆಗೇ ಒಳಗೆ ಸೋರಿತು. ಜೂನ್‌ನಲ್ಲೂ ರಾತ್ರಿ ಹಲ್ಲು ಕಟಕಟ ಅನ್ನುತ್ತದೆ. ಗಾಳಿ ನಿಂತರೆ ಮಿಡ್ಜ್ ಅನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಮುತ್ತುತ್ತದೆ, ಅದಕ್ಕೆ ಹಚ್ಚುವ ಮುಲಾಮು ಮರೆಯಬೇಡಿ. ಕೈ ಚಾಚಿ ನಿಂತು ಪಿಶಾಚಿಯನ್ನು ತೊರೆಯುವಾಗ ಮೂಗಿನ ಮೇಲೆ ನುಸಿ ಕೂತರೆ ಏನು ಮಾಡುತ್ತೀರಿ?

ಎರಡನೇ ರಾತ್ರಿ ಹತ್ತಕ್ಕೆ ದಿಂಬಿಗೆ ತಲೆ ಕೊಟ್ಟದ್ದಷ್ಟೇ ನೆನಪು. ಮೂರನೇ ದಿನ ಆರಕ್ಕೆ ಗಂಟೆ ಹೊಡೆದು ಎಬ್ಬಿಸಿದರು. ಪೂಜೆ, ಒಂಬತ್ತನೇ ಸ್ಟೇಷನ್, ಹತ್ತರೊಳಗೆ ದೋಣಿ. ಶೂ ಹಾಕಲು ಹೋದರೆ ಬಿಗಿ, ಪಾದ ಊದಿತ್ತು. ಒಂದು ಅಳತೆ ದೊಡ್ಡ ಚಪ್ಪಲಿ ಕಾರಿನಲ್ಲಿಟ್ಟಿರಿ. ನಿದ್ದೆಗೆಟ್ಟವರು ಅದೇ ದಿನ ಡಬ್ಲಿನ್‌ವರೆಗೆ ಕಾರು ಓಡಿಸಬೇಡಿ. ನಾವು ಮೊದಲೇ ಮಾತಾಡಿಕೊಂಡಂತೆ ಚೇಚಿಯ ಗಂಡ ಬಂದಿದ್ದರು. ಮಾರನೇ ದಿನಕ್ಕೂ ಒಂದು ರಜೆ ಹಾಕಿಕೊಳ್ಳಿ.

ಉಪವಾಸ ಮುಗಿಯುವುದು ಆ ರಾತ್ರಿ ಹನ್ನೆರಡಕ್ಕೆ. ಮನೆಗೆ ಬಂದು ಹನ್ನೊಂದೂವರೆಗೆ ಕುಕ್ಕರ್ ಇಟ್ಟೆ. ಅನ್ನ ಆಯಿತು, ಒಗ್ಗರಣೆ ಹಾಕಿದೆ, ಮೊಸರು ಕಲಸಿದೆ. ಗಡಿಯಾರ ನೋಡಿದರೆ ಇನ್ನೂ ಒಂಬತ್ತು ನಿಮಿಷ. ಮೂರು ದಿನದಲ್ಲಿ ಅಷ್ಟು ಉದ್ದದ ಹೊತ್ತು ಇನ್ನೊಂದಿರಲಿಲ್ಲ.