ಚುಕ್ಕಿಯ ಎಡಗಡೆ

ನಮ್ಮ ಕಾಲೇಜಿನ ಸಿ++ ಲ್ಯಾಬ್ ದಾಟಿ ಹೋದವರಿಗೆಲ್ಲ ಮೇಷ್ಟ್ರ ವೈವಾ ಪ್ರಶ್ನೆ ನೆನಪಿರುತ್ತದೆ: “ಚುಕ್ಕಿಯ ಎಡಗಡೆ ಇರೋದು ಎಲ್ಲಿಗೆ ಹೋಯ್ತ್ರೀ?”

ಪ್ರಶ್ನೆ ಏಳುತ್ತಿದ್ದದ್ದು ಬ್ಯಾಂಕ್ ಖಾತೆಯ ಪ್ರೋಗ್ರಾಮಿನಿಂದ; ಚುಕ್ಕಿ ಎಂದರೆ ಅದರಲ್ಲಿನ ಖಾತೆ.ಜಮಾ(500) ಎಂಬ ಕರೆಯ ನಡುವಿನದು. ಆ ಪ್ರೋಗ್ರಾಮನ್ನು ಮೊದಲು ಸಿ ಭಾಷೆಯಲ್ಲೇ ಬರೆಸುತ್ತಿದ್ದರು. ಅಲ್ಲಿ ಖಾತೆ ಒಂದು ಸ್ಟ್ರಕ್ಚರ್ (ಮಾಹಿತಿಯ ಗಂಟು), ಜಮಾ ಒಂದು ಬಿಡಿ ಫಂಕ್ಷನ್; ಕರೆಯುವುದು ಜಮಾ(&ಖಾತೆ, 500) ಎಂದು. ಪಾಯಿಂಟರ್ (ಖಾತೆಯ ವಿಳಾಸ) ಬಿಟ್ಟು ಖಾತೆಯನ್ನೇ ಕಳಿಸುವಂತೆ ಬರೆದರೂ ಕಂಪೈಲರ್ (ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ತಕರಾರು ಮಾಡದು. ಹಣ ನಕಲಿಗೆ ಸೇರುತ್ತದೆ, ಅಸಲು ಖಾತೆ ಇದ್ದಂತೆಯೇ ಇರುತ್ತದೆ.

ಆಮೇಲೆ ಅದನ್ನೇ ಸಿ++ನಲ್ಲಿ: ಖಾತೆ.ಜಮಾ(500). ಆವರಣದೊಳಗೆ ಕಾಣುವುದು ಒಂದು ಆರ್ಗ್ಯುಮೆಂಟ್ (ಕಳಿಸುವ ಮೌಲ್ಯ), ಹೋಗುವುದು ಎರಡು. ಎಡಗಡೆಯ ಖಾತೆಯ ವಿಳಾಸವನ್ನು ಕಂಪೈಲರ್ ತಾನೇ ‘ದಿಸ್’ ಪಾಯಿಂಟರಾಗಿ ದಾಟಿಸುತ್ತದೆ. ಸಾಧಾರಣ ಮೆಥಡ್ (ಕ್ಲಾಸ್ ಎಂಬ ಅಚ್ಚಿಗೆ ಸೇರಿದ ಫಂಕ್ಷನ್) ಎಂದರೆ ಇಷ್ಟೇ. ವೇಗದಲ್ಲೂ ಬಿಡಿ ಫಂಕ್ಷನ್ನಿಗೆ ಸಮ. (ಮೆಥಡ್ ಕರೆ ಯಾವಾಗಲೂ ನಿಧಾನ ಎನ್ನುವವರು ಈಗಲೂ ಸಿಗುತ್ತಾರೆ.)

ಮೆಥಡ್ಡಿನ ಮುಂದೆ ‘ವರ್ಚುಯಲ್’ ಎಂಬ ಪದ ಬಂದಾಗ ಲೆಕ್ಕ ಬದಲಾಗುತ್ತದೆ. ಯಾವ ಕೋಡ್ ಓಡಬೇಕೆಂಬುದು ಆಗ ಎದುರಿಗಿರುವ ಆಬ್ಜೆಕ್ಟಿನ (ಕ್ಲಾಸಿನಿಂದ ಮಾಡಿದ ಖಾತೆಯ) ಮೇಲೆ ನಿಂತಿರುತ್ತದೆ. ಮೇಷ್ಟ್ರು ಇದನ್ನು ಆಬ್ಜೆಕ್ಟಿನ ಅಳತೆ ಹೇಳುವ ಸೈಜ್‌ಆಫ್‌ನಲ್ಲೇ ತೋರಿಸುತ್ತಿದ್ದರು. 64 ಬಿಟ್ ಯಂತ್ರದಲ್ಲಿ ಒಂದೇ ಡಬಲ್ (ದಶಮಾಂಶ ಸಂಖ್ಯೆ) ಇರುವ ಖಾತೆ 8 ಬೈಟ್. ಒಂದು ವರ್ಚುಯಲ್ ಮೆಥಡ್ ಸೇರಿಸಿದರೆ 16. ಇನ್ನೂ ಹತ್ತು ಸೇರಿಸಿ, ಆಗಲೂ 16. ಆಬ್ಜೆಕ್ಟಿನೊಳಗೆ ಕೂರುವುದು ಒಂದು ಪಾಯಿಂಟರ್ ಮಾತ್ರ; ಮೆಥಡ್‌ಗಳ ವಿಳಾಸಪಟ್ಟಿ ಕ್ಲಾಸಿಗೊಂದರಂತೆ ಬೇರೆ ಕಡೆ ಇರುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ಖಾತೆಯ ನಕಲು ಪಡೆಯುವ ಫಂಕ್ಷನ್ನಿಗೆ ಉಳಿತಾಯ ಖಾತೆಯನ್ನು (ಖಾತೆಯಿಂದ ಹುಟ್ಟಿದ, ಬಡ್ಡಿದರವೂ ಇರುವ ಡಿರೈವ್ಡ್ ಕ್ಲಾಸಿನದು) ಕೊಟ್ಟರೆ ಬೇಸ್ ಕ್ಲಾಸಾದ ಖಾತೆಯ ಭಾಗವಷ್ಟೇ ನಕಲಾಗುತ್ತದೆ. ಬಡ್ಡಿದರ ಉದುರಿಹೋಗಿ, ವರ್ಚುಯಲ್ ಇದ್ದರೂ ಬೇಸ್ ಮೆಥಡ್ಡೇ ಓಡುತ್ತದೆ. ಪ್ಯಾರಾಮೀಟರಿಗೆ & ಹಾಕಿ ನಕಲಿನ ಬದಲು ಅಸಲನ್ನೇ ಪಡೆದರೆ ಸರಿಹೋಗುತ್ತದೆ. ಬೇಸ್‌ನಲ್ಲಿರುವ ‘ಕಾನ್ಸ್ಟ್’ (ಆಬ್ಜೆಕ್ಟನ್ನು ಬದಲಿಸುವುದಿಲ್ಲ ಎಂಬ ಗುರುತು) ಅನ್ನು ಡಿರೈವ್ಡ್‌ನಲ್ಲಿ ಮರೆತರೆ ಅದು ಬೇರೆಯೇ ಮೆಥಡ್ ಆಗಿಬಿಡುತ್ತದೆ. ಸಿ++11ರಲ್ಲಿ ಬಂದ ‘ಓವರ್‌ರೈಡ್’ (ಬೇಸ್ ಮೆಥಡ್ಡನ್ನೇ ಮತ್ತೆ ಬರೆಯುತ್ತಿದ್ದೇನೆ ಎಂಬ ಗುರುತು) ಬರೆದಿದ್ದರೆ ಕಂಪೈಲರ್ ಅಲ್ಲೇ ಹಿಡಿಯುತ್ತದೆ.

ಪೈಥಾನ್‌ನಿಂದ ಶುರುಮಾಡುವ ಕಿರಿಯರಿಗೆ ಮುಚ್ಚುಮರೆಯಿಲ್ಲ, ‘ದಿಸ್’ ಜಾಗದಲ್ಲಿ ‘ಸೆಲ್ಫ್’ ಕಣ್ಣೆದುರೇ ಇದೆ. ಪೈಥಾನ್ 3 ಕನ್ನಡದ ಹೆಸರುಗಳನ್ನೂ ಒಪ್ಪುವುದರಿಂದ ಖಾತೆ.ಜಮಾ(500) ಎಂದೇ ಬರೆದು ಓಡಿಸಬಹುದು. ಮೆಥಡ್ಡಿನಲ್ಲಿ ಸೆಲ್ಫ್ ಬಿಟ್ಟು ಮೊತ್ತ ಮಾತ್ರ ಬರೆದರೆ, ತೆಗೆದುಕೊಳ್ಳುವುದು ಒಂದು, ಕೊಟ್ಟಿರುವುದು ಎರಡು ಎಂದು ಟೈಪ್‌ಎರರ್ ಬರುತ್ತದೆ. ಆದರೆ ಖಾತೆ.ಮುಚ್ಚು ಎಂದು ಆವರಣವಿಲ್ಲದೆ ಬರೆದರೆ ಎರರ್ ಬರುವುದಿಲ್ಲ, ಖಾತೆಯೂ ಮುಚ್ಚುವುದಿಲ್ಲ. ಮೆಥಡ್ಡಿನ ಹೆಸರು ಹೇಳಿದಂತಾಯಿತು, ಕರೆದಂತಾಗಲಿಲ್ಲ. ಸಿ++ ಕಂಪೈಲರ್ ಆ ಸಾಲನ್ನು ಮುಂದಕ್ಕೇ ಬಿಡದು.