ಪಾರಿವಾಳಗಳ ಕಾಳು-ನೀರು

17 ಆಗಸ್ಟ್ 2025, ಭಾನುವಾರ

ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗೋಣ ಅಂತಿದ್ದವನು ಜೋ ಪಿಸ್ಟೋನ್ ವಿಚಾರ ಓದ್ತಾ ಕೂತೆ. ತಲೆ ಎತ್ತಿದಾಗ ಕತ್ತಲಾಗಿತ್ತು.

ಈತ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನವನು. 1976ರಲ್ಲಿ ಡಾನಿ ಬ್ರಾಸ್ಕೋ ಅನ್ನೋ ಹೆಸರಿಟ್ಟುಕೊಂಡು, ಒಡವೆ ಕಳ್ಳನ ವೇಷದಲ್ಲಿ ನ್ಯೂಯಾರ್ಕ್ ಮಾಫಿಯಾದೊಳಗೆ ಹೊಕ್ಕ. ಆರು ತಿಂಗಳ ಕೆಲಸ ಅಂತ ಹೋದವನು ಹೊರಗೆ ಬಂದಿದ್ದು 1981ರಲ್ಲಿ. ನನಗಂತೂ ಫೋನಲ್ಲಿ ‘ಇನ್ನೇನು ದಾರೀಲಿದ್ದೀನಿ’ ಅಂತ ಸುಳ್ಳು ಹೇಳೋಕೂ ನಾಲಿಗೆ ತೊದಲುತ್ತೆ.

ಶುರುವಿನಲ್ಲಿ ಅವನು ಮಾಡಿದ್ದು ಏನೂ ಇಲ್ಲ. ಬಾರಿಗೆ ಹೋಗೋದು, ಪಗಡೆಯಂಥ ಬ್ಯಾಕ್‌ಗ್ಯಾಮನ್ ಆಡೋದು, ಎದ್ದು ಬರೋದು. ಯಾರನ್ನೂ ಏನೂ ಕೇಳಲಿಲ್ಲ. ಕೇಳಿದವನು ಪೊಲೀಸೇ ಅಂತ ಆ ಲೋಕದ ಲೆಕ್ಕ. ತಿಂಗಳುಗಳು ಕಳೆದ ಮೇಲೆ ಬಾರ್‌ಟೆಂಡರ್ ಮುಂದೆ ಒಂದಿಷ್ಟು ಒಡವೆ ಇಟ್ಟು, ಮಾರಿಸಿಕೊಡ್ತೀಯಾ ಅಂದ. ಬಾಗಿಲು ತೆರೆದಿದ್ದು ಹಾಗೆ.

ಕೊನೆಗೆ ಬೊನಾನೊ ‘ಕುಟುಂಬ’ದ (ಮಾಫಿಯಾ ಗ್ಯಾಂಗಿಗೆ ಅಲ್ಲಿ ಹಾಗನ್ನೋದು) ಸನ್ನಿ ಬ್ಲ್ಯಾಕ್‌ಗೆ ಬಲು ಆಪ್ತನಾದ. ಸನ್ನಿ ಅಲ್ಲಿ ಕ್ಯಾಪ್ಟನ್, ಅಂದ್ರೆ ಒಂದು ತಂಡದ ಮುಖ್ಯಸ್ಥ. ಬ್ರೂಕ್ಲಿನ್‌ನಲ್ಲಿ ಮನೆಯ ಮಾಳಿಗೆ ಮೇಲೆ ಪಾರಿವಾಳ ಸಾಕಿದ್ದ. ಡಾನಿಯನ್ನ ಕುಟುಂಬದ ಪಕ್ಕಾ ಸದಸ್ಯನಾಗಿಸಬೇಕು ಅಂತ ಅವನಿಗೆ ಆಸೆ. 1981ರ ಮೇನಲ್ಲಿ ಒಳಜಗಳಕ್ಕೆ ಮೂವರು ಕ್ಯಾಪ್ಟನ್‌ಗಳ ಹೆಣ ಬಿತ್ತು. ತಪ್ಪಿಸಿಕೊಂಡ ಒಬ್ಬನನ್ನ ಮುಗಿಸೋ ಕೆಲಸ ಡಾನಿ ಪಾಲಿಗೆ ಬಂತು. ಇನ್ನು ಸಾಕು ಅಂತ ಇಲಾಖೆ ಜುಲೈನಲ್ಲಿ ಅವನನ್ನ ಹೊರಗೆಳೆಯಿತು.

ಮುಂದಿನದು ಕೋರ್ಟು, ಸಾಕ್ಷಿ, ನೂರಕ್ಕೂ ಹೆಚ್ಚು ಜನಕ್ಕೆ ಶಿಕ್ಷೆ. ಅವನ ತಲೆಗೆ ಮಾಫಿಯಾ ಕಟ್ಟಿದ ಬೆಲೆ 5 ಲಕ್ಷ ಡಾಲರ್, ಇಲಾಖೆ ಕೊಟ್ಟ ಇನಾಮು 500 ಡಾಲರ್ ಅಂತೆ! ಸರ್ಕಾರಿ ನೌಕರಿ ಎಲ್ಲಿದ್ದರೂ ಒಂದೇ.

ನಾನು ಸಿಕ್ಕಿಹಾಕಿಕೊಂಡಿದ್ದು ಸನ್ನಿ ಹತ್ತಿರ. ಕೊಲೆಗಾರ, ಅನುಮಾನವೇ ಇಲ್ಲ. ಎಫ್‌ಬಿಐನವರು ಬಂದು ಡಾನಿಯ ಫೋಟೋ ತೋರಿಸಿ, ಇವನು ನಮ್ಮವನು ಅಂದಾಗ, ಗೊತ್ತೇ ಇಲ್ಲ ಅಂದನಂತೆ. ಸನ್ನಿ ಓಡಿಹೋಗಲಿಲ್ಲ. ಒಂದು ವರ್ಷ ಆದ ಮೇಲೆ ಅವನ ಹೆಣ ಸಿಕ್ಕಿತು, ಎರಡೂ ಕೈ ಕಡಿದಿದ್ದರು. ಪೊಲೀಸನ ಕೈ ಹಿಡಿದು ಒಳಗೆ ಕರೆತಂದ ಕೈಗಳು.

ಅವನನ್ನ ಮೀಟಿಂಗ್‌ಗೆ ಅಂತ ಕರೆಸಿಕೊಂಡಿದ್ದು 1981ರ ಆಗಸ್ಟ್ 17, ಇವತ್ತಿನದೇ ತಾರೀಕು. ಯಾಕೆ ಅಂತ ಅವನಿಗೆ ಅಂದಾಜಿತ್ತು. ಹೊರಡೋ ಮುಂಚೆ ಮೈಮೇಲಿದ್ದ ಒಡವೆ ಬಿಚ್ಚಿ ಬಾರ್‌ಟೆಂಡರ್ ಕೈಗಿಟ್ಟ. ಜತೆಗೆ ಮನೆ ಬೀಗದ ಕೈ. ಪಾರಿವಾಳಗಳಿಗೆ ಕಾಳು-ನೀರು ನೋಡಿಕೊಳ್ಳೋಕೆ ಯಾರಾದರೂ ಬೇಕಿತ್ತಲ್ಲ.