ಫಿಶ್ ಪಾಂಡ್ ಡಬ್ಬಿ ಮತ್ತು ಕನ್ನಡ ಮೇಷ್ಟ್ರು

ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಿಗೆ ಪಾಠ ಮಾಡೋದೊಂದೇ ಕೆಲಸ ಅಂತ ಯಾರಾದರೂ ತಿಳಿದಿದ್ದರೆ, ಅವರು ಸರ್ಕಾರಿ ಶಾಲೆಯ ಸ್ಟಾಫ್ ರೂಮಿಗೆ ಕಾಲಿಟ್ಟಿಲ್ಲ ಅಂತಲೇ ಅರ್ಥ. ಬ್ಯಾನರಿನ ಒಕ್ಕಣೆ ನಮ್ಮದು. ಸ್ವಾಗತ, ನಿರೂಪಣೆ, ವಂದನಾರ್ಪಣೆ ನಮ್ಮದು. ಅತಿಥಿಗಳಲ್ಲಿ ಯಾರ ಹೆಸರು ಮೊದಲು ಬರಬೇಕು ಅನ್ನುವ ಜಗಳವೂ ನಮ್ಮ ತಲೆಗೇ. ಇದರ ಜೊತೆಗೆ, ಹತ್ತನೇ ತರಗತಿಯ ಬೀಳ್ಕೊಡುಗೆ ಹತ್ತಿರ ಬಂತೆಂದರೆ ಫಿಶ್ ಪಾಂಡ್ ಡಬ್ಬಿಯೂ ನನ್ನ ಮೇಜಿಗೆ ಬಂದು ಕೂರುತ್ತದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಕ್ಕಳು ಜೊತೆಯವರ ಬಗ್ಗೆ, ಮೇಷ್ಟ್ರು ಮೇಡಂಗಳ ಬಗ್ಗೆ ಒಂದೆರಡು ಸಾಲಿನ ತಮಾಷೆ ಬರೆದು, ತಮ್ಮ ಹೆಸರು ಹಾಕದೆ ಡಬ್ಬಿಗೆ ಹಾಕುತ್ತಾರೆ. ಸಮಾರಂಭದ ದಿನ ಅದನ್ನು ಮೈಕಿನಲ್ಲಿ ಓದುತ್ತೇವೆ. ಅಷ್ಟೇ. ನಮ್ಮ ಡಬ್ಬಿ ಅಂದರೆ ಸೀಮೆಸುಣ್ಣದ ಖಾಲಿ ಪೆಟ್ಟಿಗೆ, ಮೇಲೆ ಬ್ಲೇಡಿನಲ್ಲಿ ಕೊಯ್ದ ಒಂದು ಸೀಳು. ಸ್ಟಾಫ್ ರೂಮಿನ ಕಿಟಕಿಯಲ್ಲಿ ಇಟ್ಟ ದಿನ ಯಾರೂ ಹತ್ತಿರ ಸುಳಿಯುವುದಿಲ್ಲ. ಆಮೇಲೆ ನೋಡಬೇಕು, ಮುಚ್ಚಳವೇ ಉಬ್ಬಿರುತ್ತದೆ.

ಬರೆದವರು ಯಾರು ಅಂತ ಗೊತ್ತಾಗಬಾರದು ಅಂತ ಮಕ್ಕಳು ಪಡುವ ಪಾಡು ನೋಡಬೇಕು. ಕೆಲವರು ಎಡಗೈಯಲ್ಲಿ ಬರೆಯುತ್ತಾರೆ. ಕೆಲವರು ಬೇರೆ ಸೆಕ್ಷನ್ ಹುಡುಗರಿಂದ ಬರೆಸುತ್ತಾರೆ. ಆದರೆ ಮೂರು ವರ್ಷ ಇವರ ನೋಟ್ಸ್ ತಿದ್ದಿದವನು ನಾನು. ಕೈ ಬದಲಾದರೇನು, ಮಹಾಪ್ರಾಣ ನುಂಗುವ ಅಭ್ಯಾಸ ಬದಲಾಗುತ್ತದೆಯೇ? 'ವಿದ್ಯಾರ್ಥಿ'ಯ ಅರ್ಕಾವತ್ತನ್ನು ಎಲ್ಲಿಗೋ ಎಸೆದಿದ್ದರೆ ಅದು ಯಾವ ಬೆಂಚಿನಿಂದ ಬಂದಿದ್ದು ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಹೇಳುವುದಿಲ್ಲ ಅಷ್ಟೇ. ಬರೆದವರ ಹೆಸರು ಬಾಯಿ ಬಿಟ್ಟರೆ ಮುಂದಿನ ವರ್ಷ ಡಬ್ಬಿಗೆ ಬರೀ 'ಆಲ್ ದಿ ಬೆಸ್ಟ್' ಬೀಳುತ್ತದೆ.

ಒಳ್ಳೆಯ ಚೀಟಿ ಹೇಗಿರುತ್ತದೆ? ಕೆಲವು ನನಗೆ ಬಾಯಿಪಾಠ ಆಗಿಬಿಟ್ಟಿವೆ.

'ಇವಳು ಪರೀಕ್ಷೆ ಮುಗಿದ ದಿನ ಎಲ್ಲಾ ತಪ್ಪಾಯ್ತು ಕಣೇ ಅಂತ ಅಳ್ತಾಳೆ. ರಿಸಲ್ಟ್ ಬಂದ ದಿನ ನಾವು ಅಳ್ತೀವಿ.'

'ಕೆಂಪು ಬಸ್ಸು ಲೇಟಾಗಿದ್ದಕ್ಕೆ ಇವನು ಲೇಟೋ, ಇವನು ಹತ್ತಿದ್ದಕ್ಕೆ ಬಸ್ಸು ಲೇಟೋ? ಡಿಪೋ ಮ್ಯಾನೇಜರ್ ಉತ್ತರಿಸಬೇಕು.'

'ನಮ್ಮ ಲೀಡರ್ ಮಾತಾಡಿದವರ ಹೆಸರು ಬೋರ್ಡ್ ಮೇಲೆ ಬರೀತಾನೆ. ಐಸ್‌ಕ್ಯಾಂಡಿ ಕೊಡಿಸಿದ್ರೆ ಅಳಿಸ್ತಾನೆ. ಲೋಕಾಯುಕ್ತರು ಗಮನಿಸಲಿ.'

ಈ ಕೊನೆಯದನ್ನು ಓದಿದಾಗ ಲೀಡರ್ ಎದ್ದು ನಿಂತು, 'ಸಾ, ಅದು ಐಸ್‌ಕ್ಯಾಂಡಿ ಅಲ್ಲ, ಕಡ್ಲೆಮಿಠಾಯಿ' ಅಂದ. ಇನ್ಯಾವ ಸಾಕ್ಷಿ ಬೇಕು?

ಮೇಷ್ಟ್ರುಗಳ ಮೇಲಿನ ಚೀಟಿಗಳ ಮಜವೇ ಬೇರೆ. ನಮ್ಮ ಗಣಿತದ ಸರ್ ಪ್ರತಿ ಸಾಲಿಗೂ 'ಗೊತ್ತಾಯ್ತಾ' ಅನ್ನುತ್ತಾರೆ. ಒಂದು ವರ್ಷ ಅವರಿಗೆ ಬಂದ ಚೀಟಿ ಇದು: 'ಗಣಿತ ಸರ್ ಮಾತುಗಳ ಬಹುಲಕ ಕಂಡುಹಿಡಿಯಿರಿ. ಉತ್ತರ: ಗೊತ್ತಾಯ್ತಾ.' ಬಹುಲಕ ಅಂದರೆ ಒಂದು ದತ್ತಾಂಶದಲ್ಲಿ ಅತಿ ಹೆಚ್ಚು ಸಲ ಬರುವ ಬೆಲೆ, ಸಂಖ್ಯಾಶಾಸ್ತ್ರದ ಪಾಠದಲ್ಲಿ ಬರುತ್ತದೆ. ಸರ್ ಗಹಗಹಿಸಿ ನಕ್ಕರು. ಆಮೇಲೆ ಸ್ಟಾಫ್ ರೂಮಿನಲ್ಲಿ ಹೇಳಿದರು: 'ನೋಡಿ ಮೇಷ್ಟ್ರೇ, ಆ ಪಾಠ ಯಾರಿಗೋ ಒಬ್ಬರಿಗೆ ಸರಿಯಾಗಿ ತಲೆಗೆ ಹೋಗಿದೆ. ಇಷ್ಟು ವರ್ಷ ಎಲ್ಲರೂ ಹೂಂ ಸಾರ್ ಅಂತಿದ್ರು, ಪ್ರೂಫ್ ಸಿಕ್ಕಿದ್ದು ಇವತ್ತು.'

ಎಚ್.ಎಂ. ಅವರಿಗೆ ಬಂದಿದ್ದು: 'ಪ್ರಾರ್ಥನೆ ಆದ್ಮೇಲೆ ಎರಡೇ ಮಾತು ಅಂತಾರೆ. ಮೊದಲ ಪೀರಿಯಡ್ ಬೆಲ್ ಹೊಡೆಯುತ್ತೆ. ಅವರು ಹತ್ತು ಮಾತು ಆಡಿದ್ರೆ ನಾವು ಸೀದಾ ಊಟಕ್ಕೆ ಹೋಗಬಹುದಿತ್ತು.' ಪಿ.ಟಿ. ಮೇಷ್ಟ್ರಿಗೆ: 'ಜನವರಿ ಆದ್ಮೇಲೆ ಆಟದ ಪೀರಿಯಡ್ ಟೈಮ್‌ಟೇಬಲಲ್ಲಿ ಮಾತ್ರ. ಮೈದಾನಕ್ಕೆ ಕಣ್ಣೀರಿನ ಶ್ರದ್ಧಾಂಜಲಿ.' ಇದು ಪಿ.ಟಿ. ಮೇಷ್ಟ್ರಿಗಿಂತ ಅವರ ಪೀರಿಯಡ್ ಕಿತ್ತುಕೊಂಡು ವಿಶೇಷ ತರಗತಿ ಮಾಡುವ ನಮ್ಮೆಲ್ಲರಿಗೂ ತಗುಲಬೇಕಾದ್ದು. ಇನ್ನು ನನಗೆ? 'ಛಂದಸ್ಸಿನ ಪ್ರಕಾರ ತರಗತಿಯಲ್ಲಿ ನಾವೆಲ್ಲ ಲಘು, ಕನ್ನಡ ಸರ್ ಒಬ್ಬರೇ ಗುರು. ಅದಕ್ಕೇ ನಮ್ಮ ಪದ್ಯಕ್ಕೆ ತಾಳ ಸಿಕ್ಕಲ್ಲ.' ಬರೆದವರು ಯಾರೋ, ಅವರಿಗೆ ಗಣ ವಿಭಾಗದ ಅಂಕ ಪೂರ್ತಿ ಕೊಟ್ಟುಬಿಡೋಣ ಅನ್ನಿಸಿತ್ತು.

ಒಂದು ಚೀಟಿ ಮಾತ್ರ ಸ್ಟಾಫ್ ರೂಮಿನಲ್ಲಿ ದೊಡ್ಡ ಚರ್ಚೆ ಆಯಿತು. 'ಸಮಾಜ ಮೇಡಂ ಪಾಣಿಪತ್ ಕದನದ ಇಸವಿ ಮೂರೂ ಕೇಳ್ತಾರೆ. 1526, 1556, 1761 ಅಂತ ಹೇಳಿದ್ರೆ ಗುಡ್ ಅಂತಾರೆ. ಅವರ ಮದುವೆ ಇಸವಿ ಕೇಳಿದ್ರೆ ಹೊರಗೆ ನಿಲ್ಲಿಸ್ತಾರೆ.' ಮನೆ ವಿಷಯ ಬೇಡ ಅಂತ ನಾನು ಎತ್ತಿಟ್ಟಿದ್ದೆ. ಮೇಡಂ ಬಂದು, 'ಓದಿ ಸರ್, ಅದೂ ನಾಲ್ಕನೇ ಪಾಣಿಪತ್ ಅಂತ ಸೇರಿಸಿ' ಅಂದರು. ಯಾರ ಮೇಲೆ ಬರೆದಿದೆಯೋ ಅವರೇ ಒಪ್ಪಿದ ಮೇಲೆ ತಕರಾರು ಯಾಕೆ?

ಆದರೆ ಡಬ್ಬಿಯಲ್ಲಿ ಬರೀ ಇಂಥವೇ ಇರುವುದಿಲ್ಲ. ಬಣ್ಣ, ದಪ್ಪ, ಹಲ್ಲು, ಉಗ್ಗು, ಕೇರಿ, ಅಪ್ಪನ ಕುಡಿತ, ಎಲ್ಲವೂ ಬರುತ್ತವೆ. ಬಿಸಿಯೂಟದ ಅಡುಗೆ ಮಾಡುವ ಅಮ್ಮನ ಮಗನೊಬ್ಬನ ಮೇಲೆ 'ಇವನ ತಟ್ಟೆಗೆ ಮೊಟ್ಟೆ ಎರಡು' ಅಂತ ಬಂದಿತ್ತು. ಮೇಲ್ನೋಟಕ್ಕೆ ಏನಿದೆ ಅನ್ನಿಸುತ್ತದೆ, ಅಲ್ವಾ? ಮೈಕಿನಲ್ಲಿ ಓದಿದರೆ ಅದು ಅವರಮ್ಮನ ಮೇಲೆ ಕಳ್ಳತನದ ಆರೋಪ. ಆ ಹೆಂಗಸು ಅದೇ ಹೊತ್ತಿಗೆ ಹಿಂದೆ ಪಾಯಸ ಕುದಿಸುತ್ತಿರುತ್ತಾರೆ.

ಹುಡುಗ ಹುಡುಗಿಯ ಹೆಸರು ಸೇರಿಸಿ ಬರೆದ ಚೀಟಿಯಂತೂ ಎಷ್ಟೇ ಚೆನ್ನಾಗಿದ್ದರೂ ಓದುವುದಿಲ್ಲ. ಹಳ್ಳಿಯಲ್ಲಿ ಮೈಕಿನ ಮಾತು ಸಂಜೆಯೊಳಗೆ ಊರು ಸುತ್ತುತ್ತದೆ. ಮಗಳನ್ನು ಪಿಯುಸಿಗೆ ಕಳಿಸೋದೋ ಬೇಡವೋ ಅಂತ ಮೀನಮೇಷ ಎಣಿಸುತ್ತಿರುವ ಮನೆಗೆ ಅಷ್ಟೇ ನೆಪ ಸಾಕು.

ಹಾಗಾಗಿ ನಾನು ಇಟ್ಟುಕೊಂಡ ಅಳತೆ ಸುಲಭ. ಚೀಟಿ ಆ ಹುಡುಗ ಮಾಡಿದ್ದರ ಬಗ್ಗೆ ಇದೆಯೋ, ಅವನು ಹುಟ್ಟಿದ್ದರ ಬಗ್ಗೆ ಇದೆಯೋ? ಲೇಟಾಗಿ ಬರೋದು, ನಕಲು ಕೇಳೋದು, ಪೆನ್ನು ಇಸ್ಕೊಂಡು ವಾಪಸ್ ಕೊಡದಿರೋದು, ಇವೆಲ್ಲ ಮಾಡಿದ್ದು. ಇವನ್ನು ಓದಬಹುದು. ಮಿಕ್ಕಿದ್ದು ಹರಿದು ಹಾಕಬೇಕು.

ಹರಿದು ಹಾಕುವ ಮೊದಲು ಇನ್ನೊಂದು ಕೆಲಸ ಮಾಡುತ್ತೇನೆ. ಇದು ಹೊಸದಾಗಿ ಸೇರಿದ ಶಿಕ್ಷಕರಿಗೆ ಮುಖ್ಯವಾಗಿ ಹೇಳಬೇಕಾದ್ದು. ಕೊಳಕು ಅಡ್ಡಹೆಸರು ಎಲ್ಲಿಂದ ಹುಟ್ಟಿತು ಅಂತ ವಿಚಾರಿಸಿ ನೋಡಿ. ಎಷ್ಟೋ ಸಲ ಅದು ಮಕ್ಕಳದ್ದಾಗಿರುವುದೇ ಇಲ್ಲ. ತರಗತಿಯಲ್ಲಿ ನಮ್ಮವರೇ ಯಾರೋ ಸಿಟ್ಟಿನಲ್ಲಿ ಅಂದಿದ್ದು. ಮೇಷ್ಟ್ರು ಒಂದು ಸಲ 'ಎಮ್ಮೆ' ಅಂದರೆ ಆ ಹುಡುಗ ಹತ್ತನೇ ತರಗತಿ ಮುಗಿಸುವವರೆಗೂ ಎಮ್ಮೆ. ಮಕ್ಕಳಿಗೆ ಅದು ಬೈಗುಳ ಅಲ್ಲ, ಮೇಷ್ಟ್ರು ಕೊಟ್ಟ ಲೈಸೆನ್ಸ್. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕೋಲು ಬಿಟ್ಟ ನಮ್ಮಲ್ಲಿ ಬೈಗುಳ ಬಿಟ್ಟವರು ಕಡಿಮೆ. ಹಾಗಾಗಿ ಇಂಥ ಚೀಟಿ ಸಿಕ್ಕಾಗ ಮಕ್ಕಳಿಗೆ ಉಪದೇಶ ಮಾಡುವುದಿಲ್ಲ. ಆ ಮೇಷ್ಟ್ರನ್ನೇ ಟೀ ಕುಡಿಯೋಕೆ ಕರೆದುಕೊಂಡು ಹೋಗಿ ಚೀಟಿ ತೋರಿಸುತ್ತೇನೆ. ಹಿರಿಯರಾದರೆ ಎರಡು ದಿನ ಮುಖ ಗಂಟು ಹಾಕಿಕೊಳ್ಳುತ್ತಾರೆ. ಪರವಾಗಿಲ್ಲ.

ಓದುವ ಕ್ರಮದಲ್ಲೂ ಒಂದು ವಿಷಯ ಇದೆ. ಮೊದಲು ಎಚ್.ಎಂ. ಚೀಟಿ, ಆಮೇಲೆ ಮೇಷ್ಟ್ರುಗಳದ್ದು, ಕೊನೆಗೆ ಮಕ್ಕಳದ್ದು. ವೇದಿಕೆ ಮೇಲೆ ಕೂತವರು ನಗೋದನ್ನು ನೋಡಿದ ಮೇಲೆ ಕೆಳಗೆ ಕೂತವರಿಗೆ ತಮ್ಮ ಸರದಿ ಅಷ್ಟು ಭಯ ಅನ್ನಿಸುವುದಿಲ್ಲ. ಉಲ್ಟಾ ಮಾಡಿದರೆ ಮಕ್ಕಳ ಮಾನ ಹರಾಜು ಹಾಕಿ ದೊಡ್ಡವರು ಮಜಾ ತಗೊಂಡ ಹಾಗೆ ಆಗುತ್ತದೆ.

ಇನ್ನು, ಡಬ್ಬಿಯಲ್ಲಿ ಹೆಸರೇ ಇಲ್ಲದ ಮಕ್ಕಳು. ಪ್ರತಿ ವರ್ಷ ಕೆಲವರಿರುತ್ತಾರೆ. ಕಾಲೆಳೆಸಿಕೊಂಡವರಿಗಿಂತ ಇವರ ಮುಖವೇ ಸಪ್ಪಗಿರುತ್ತದೆ. ಎಲ್ಲರ ಹೆಸರೂ ಬಂತು, ತನ್ನದು ಬರಲಿಲ್ಲ. ಅಂಥವರ ಚೀಟಿ ನಾನೇ ಬರೆದು ಸೇರಿಸುತ್ತೇನೆ. ಬರೆಯೋಕೆ ಕೂತರೆ ಗೊತ್ತಾಗುತ್ತದೆ, ಒಂದು ಮಗುವಿನ ಬಗ್ಗೆ ತಮಾಷೆ ಮಾಡಬೇಕಾದರೂ ಅದನ್ನು ಸರಿಯಾಗಿ ನೋಡಿರಬೇಕು ಅಂತ. ಅದಕ್ಕೇ ಜೂನ್‌ನಿಂದಲೇ ಡೈರಿಯ ಹಿಂದಿನ ಪುಟದಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಯಾರು ಸ್ಕೇಲಿಗೂ ಬೈಂಡ್ ಹಾಕ್ತಾರೆ, ಯಾರು ಹಾಜರಿ ಕೂಗುವಾಗ ಪಕ್ಕದವಳಿಗೂ ಕೇಳದ ಹಾಗೆ 'ಎಸ್ ಸಾರ್' ಅಂತಾರೆ, ಇಂಥವು.

ಹೀಗೆ ಒಬ್ಬಳಿಗೆ ಬರೆದಿದ್ದೆ: 'ಇವಳ ಎಸ್ ಸಾರ್ ಕೇಳಿಸಿಕೊಳ್ಳಲು ಇಲಾಖೆ ಮೈಕ್ ಮಂಜೂರು ಮಾಡಬೇಕು.' ಎಲ್ಲರೂ ನಕ್ಕರು, ಅವಳು ಎಲ್ಲರಿಗಿಂತ ಜಾಸ್ತಿ ನಕ್ಕಳು. ಕಾರ್ಯಕ್ರಮ ಮುಗಿದ ಮೇಲೆ ಚೀಟಿ ಇಸ್ಕೊಂಡು ನೋಡಿದವಳು ನನ್ನ ಹತ್ತಿರ ಬಂದಳು.

'ಇದು ನೀವೇ ಬರೆದಿದ್ದು ಸಾ.'

'ಹೆಂಗೆ ಹೇಳ್ತೀಯಮ್ಮ?'

'ಒಂದೂ ತಪ್ಪಿಲ್ಲ.'

ಈಗ ಬೇಕಂತಲೇ ಒಂದೆರಡು ಮಹಾಪ್ರಾಣ ನುಂಗಿ ಬರೆಯುತ್ತೇನೆ.